ಕಡಲಿನತ್ತ ಜನರನ್ನು ತಿರುಗಿಸಿದ್ದು ಕ್ಯಾಮೆರಾನೋ, ಬೆನ್ನಿನ ಸಿಲಿಂಡರೋ?

ನೀಲಿಪರದೆ
ಚಿತ್ರಸಮಾಜದ ಸದಸ್ಯರಿಗಾಗಿ ಎರಡು ಗಂಟೆಯ ಕಾರ್ಯಕ್ರಮ ಹೊಂದಿಸ್ತಾ ಇದ್ದೀನಿ. ತುಣುಕುಗಳನ್ನ ತೋರಿಸೋದು, ನಡುನಡುವೆ ಮಾತು. ವಿಷಯ: ನೀರೊಳಗೆ ತೆಗೆದ ಸಾಕ್ಷ್ಯಚಿತ್ರಗಳು ಜನರಿಗೆ ಕಡಲಿನ ಹುಚ್ಚು ಹಿಡಿಸಿದ ಬಗೆ. ಎಲ್ಲಿ ನೋಡಿದ್ರೂ ಒಂದೇ ಕಥೆ. 1956ರಲ್ಲಿ ಫ್ರೆಂಚ್ ಮುಳುಗುಗಾರ ಜಾಕ್ ಕುಸ್ತೋ ಮತ್ತು ನಿರ್ದೇಶಕ ಲೂಯಿ ಮಾಲ್ ಅವರ ‘ದಿ ಸೈಲೆಂಟ್ ವರ್ಲ್ಡ್’ ಬಂತು, ಕಾನ್‌ನಲ್ಲಿ ಚಿತ್ರೋತ್ಸವದ ಅತ್ಯುನ್ನತ ಬಹುಮಾನ ಪಾಮ್ ದೋರ್ ಗೆದ್ದಿತು, ಆಮೇಲೆ ಆಸ್ಕರ್, ಅಲ್ಲಿಂದ ಜನ ಕಡಲಿನ ಕಡೆ ತಿರುಗಿದ್ರು ಅಂತ. ಅಷ್ಟು ಸಲೀಸಾಗಿ ಆಗಿರಲಿಕ್ಕಿಲ್ಲ ಅನ್ನಿಸುತ್ತೆ.

ಎರಡು ಪ್ರಶ್ನೆ. ಜನರನ್ನ ನಿಜಕ್ಕೂ ಹಿಡಿದದ್ದು ಏನು: ಚಿತ್ರವೋ, ಅದನ್ನ ತೆಗೆಯೋಕೆ ಸಾಧ್ಯ ಮಾಡಿದ ಉಪಕರಣವೋ? ಇನ್ನೊಂದು, ಚಿತ್ರ ನೋಡಿ ಬಂದ ಆಸಕ್ತಿ ಎಲ್ಲಾದರೂ ಕಾಯ್ದೆಯಾಗಿ, ಕೆಲಸವಾಗಿ ತಿರುಗಿದ್ದಕ್ಕೆ ಗಟ್ಟಿ ಉದಾಹರಣೆ ಇದೆಯಾ? ಬಲ್ಲವರು ವಿವರವಾಗಿ ಬರೆಯಿರಿ.

ಗಾಳಿಗುಳ್ಳೆ
ಉಪಕರಣವೇ. ಇದರಲ್ಲಿ ನನಗೆ ಅನುಮಾನ ಇಲ್ಲ.

1943ಕ್ಕೆ ಮೊದಲು ನೀರಿನ ತಳಕ್ಕೆ ಹೋಗಿ ಹೆಚ್ಚು ಹೊತ್ತು ಇರಬೇಕು ಅಂದ್ರೆ ಸಾಮಾನ್ಯವಾಗಿ ಲೋಹದ ಶಿರಸ್ತ್ರಾಣ, ಸೀಸದ ಬೂಟು, ಹಡಗಿಂದ ಗಾಳಿ ತಳ್ಳೋ ಕೊಳವೆ. ಆ ಮನುಷ್ಯ ತಳದ ಮೇಲೆ ನಡೆಯಬಲ್ಲ, ಅಷ್ಟೇ. ಎಮಿಲ್ ಗಾನ್ಯಾನ್ ಎಂಜಿನಿಯರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಓಡ್ತಿದ್ದ ಕಾರುಗಳಿಗೆ ಒಂದು ರೆಗ್ಯುಲೇಟರ್ ಮಾಡಿದ್ರು. ಅದನ್ನೇ ಕುಸ್ತೋ ಜೊತೆ ಸೇರಿ ಉಸಿರಾಟಕ್ಕೆ ಒಗ್ಗಿಸಿದ್ರು. ಉಸಿರು ಎಳೆದಾಗ ಮಾತ್ರ ಗಾಳಿ ಬಿಡುತ್ತೆ, ಅದೂ ಆ ಆಳದ ಒತ್ತಡಕ್ಕೆ ಸರಿಸಮನಾಗಿ. ಅದೇ ಆಕ್ವಾಲಂಗ್.

ಇದರಿಂದ ಕ್ಯಾಮೆರಾ ಈಜೋಕೆ ಶುರು ಮಾಡ್ತು. ಹವಳದ ದಿಬ್ಬದ ಅಂಚಿಂದ ಆಚೆ ತೇಲಿ, ಕೆಳಗೆ ಪಾತಾಳ ಕಾಣೋ ಹಾಗೆ ಸಾಗೋ ಒಂದು ಶಾಟ್ ನೆನಪು ಮಾಡ್ಕೊಳ್ಳಿ. ನೋಡೋನಿಗೆ ಹಾರಿದ ಹಾಗೆ ಆಗುತ್ತೆ. ಜನ ಮನಸೋತದ್ದು ಆ ಹಾರಾಟಕ್ಕೆ. ಮೀನು ಆಮೇಲೆ.

ಹಳೆರೀಲು
ಗಾಳಿಗುಳ್ಳೆಯವರೇ, ಕಾಲಾನುಕ್ರಮ ತಲೆಕೆಳಗಾಗ್ತಿದೆ. ಆಕ್ವಾಲಂಗಿಗೆ 50 ವರ್ಷ ಮೊದಲೇ, 1893ರಲ್ಲಿ, ಲೂಯಿ ಬೂತಾನ್ ಫ್ರಾನ್ಸಿನ ಬಾನ್ಯುಲ್ಸ್‌ನಲ್ಲಿ ನೀರೊಳಗೆ ಫೋಟೋ ತೆಗೆದಿದ್ದರು. 1914ರಲ್ಲಿ ಜಾನ್ ಅರ್ನೆಸ್ಟ್ ವಿಲಿಯಮ್ಸನ್ ಬಹಾಮಾಸ್‌ನಲ್ಲಿ ಚಲನಚಿತ್ರವನ್ನೇ ತೆಗೆದರು. ಹಡಗಿನ ತಳದಿಂದ ಬಾಗುವ ಕೊಳವೆಯೊಂದನ್ನು ಇಳಿಬಿಟ್ಟು, ಅದರ ತುದಿಗೆ ದಪ್ಪ ಗಾಜಿನ ಕಿಟಕಿಯಿದ್ದ ಉಕ್ಕಿನ ಕೋಣೆ. ಕ್ಯಾಮೆರಾದವನು ಕೊಳವೆಯೊಳಗೆ ಇಳಿದು ಒಣಬಟ್ಟೆಯಲ್ಲಿ ಕೂತು ಚಿತ್ರೀಕರಿಸುತ್ತಿದ್ದ. ಆ ಕೊಳವೆ ಅವರ ತಂದೆಯ ಆವಿಷ್ಕಾರ.

1930ರ ದಶಕದಲ್ಲಿ ಜಾನ್ ಪೆನ್ಲವೇ ಕಡಲಕುದುರೆಯ ಚಿತ್ರ ಮಾಡಿದರು. ಗಂಡು ಮರಿ ಹಾಕುವುದನ್ನು ಜನ ಚಿತ್ರಮಂದಿರದಲ್ಲಿ ಕಂಡರು. ಆ ಹೆರಿಗೆಯ ದೃಶ್ಯ ತೆಗೆದದ್ದು ಗಾಜಿನ ತೊಟ್ಟಿಯಲ್ಲಿ. ಹಾರಾಟವೂ ಇಲ್ಲ, ಸಿಲಿಂಡರೂ ಇಲ್ಲ.

ಆಸ್ಟ್ರಿಯಾದ ಮುಳುಗುಗಾರ ಹಾನ್ಸ್ ಹಾಸ್ ಅವರನ್ನಂತೂ ಎಲ್ಲರೂ ಮರೆತೇಬಿಡುತ್ತಾರೆ. 1939ರಲ್ಲಿ ಕೆರಿಬಿಯನ್ನಿನ ಕ್ಯುರಸಾವ್, ಬೊನೇರ್ ದ್ವೀಪಗಳಲ್ಲಿ ಬರೀ ಉಸಿರು ಬಿಗಿಹಿಡಿದು ಮುಳುಗಿ ಅವರು ಮೊದಲ ಚಿತ್ರ ತೆಗೆದದ್ದು. 1951ರಲ್ಲಿ ಅವರ ಕೆಂಪು ಸಮುದ್ರದ ಚಿತ್ರಕ್ಕೆ ವೆನಿಸ್‌ನಲ್ಲಿ ಬಹುಮಾನ ಬಂತು. ಅದರಲ್ಲಿ ಲೋಟೆ ಹಾಸ್ ಶಾರ್ಕುಗಳ ನಡುವೆ ಈಜುತ್ತಾರೆ. 1956ರಲ್ಲಿ ಈ ದಂಪತಿ ಬಿಬಿಸಿ ಟಿವಿಯಲ್ಲಿ ಸರಣಿಯನ್ನೇ ನಡೆಸಿದರು. ಕಾನ್‌ನ ಬಹುಮಾನಕ್ಕಿಂತ ಮನೆಯ ಟಿವಿ ಹೆಚ್ಚು ಜನರನ್ನು ಮುಟ್ಟಿತು ಅನ್ನುವುದು ನನ್ನ ಅಭಿಪ್ರಾಯ.

ಗಾಳಿಗುಳ್ಳೆ
ಬೂತಾನ್, ವಿಲಿಯಮ್ಸನ್ ವಿಷಯ ಒಪ್ಪಿದೆ. ಆದ್ರೆ ಕಿಟಕಿ ಹಿಂದೆ ಕೂತು ತೆಗೆದದ್ದಕ್ಕೂ ಪ್ರಾಣಿ ಜೊತೆ ಈಜಿ ತೆಗೆದದ್ದಕ್ಕೂ ಅಜಗಜಾಂತರ. ಹಾಸ್ ಕೂಡ ಆಮೇಲೆ ಆಮ್ಲಜನಕದ ರಿಬ್ರೀದರಿಗೆ, ಅಂದ್ರೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡೋ ಯಂತ್ರಕ್ಕೆ, ಬದಲಾದ್ರಲ್ಲ? ಉಸಿರು ಕಟ್ಟಿ ಎಷ್ಟು ಹೊತ್ತು ಒಂದು ಶಾಟ್ ಹಿಡೀತೀರಿ?

ಹಳೆರೀಲು
ಬದಲಾದರು, ಹೌದು. ಆದರೆ ಆ ಯಂತ್ರದಲ್ಲಿದ್ದದ್ದು ಶುದ್ಧ ಆಮ್ಲಜನಕ. 6 ಮೀಟರಿಗೇ ಅದರ ಒತ್ತಡ 1.6 ಬಾರ್ ಮುಟ್ಟುತ್ತದೆ (1 ಬಾರ್ ಅಂದರೆ ಹೆಚ್ಚುಕಡಿಮೆ ಮೇಲ್ಮೈಯ ಗಾಳಿಯ ಒತ್ತಡ). ಇವತ್ತಿನ ಲೆಕ್ಕದಲ್ಲಿ ಅದೇ ಕಡೆಯ ಮಿತಿ, ಅದರಾಚೆ ಸೆಳವು ಬಂದು ಪ್ರಜ್ಞೆ ತಪ್ಪುವ ಅಪಾಯ. ಆ ಕಾಲದವರು ಅದಕ್ಕಿಂತ ಆಳಕ್ಕೂ ಹೋದರು. ಪ್ರಾಣ ಪಣಕ್ಕಿಟ್ಟು ತೆಗೆದ ಚಿತ್ರಗಳವು.

ಮಸೂರ
ಇಬ್ಬರೂ ಬೆಳಕನ್ನ ಬಿಟ್ಟುಬಿಟ್ರಿ. ನೀಲಿಪರದೆಯವರೇ, ಪ್ರೇಕ್ಷಕರಿಗೆ ಒಂದೇ ತಾಂತ್ರಿಕ ವಿಷಯ ಹೇಳೋದಾದ್ರೆ ಬಣ್ಣದ ಬಗ್ಗೆ ಹೇಳಿ.

ನೀರು ಎಲ್ಲಕ್ಕಿಂತ ಮೊದಲು ನುಂಗೋದು ಕೆಂಪನ್ನ. 5 ಮೀಟರಿಗೇ ಕೆಂಪು ಮಂಕು, 10ಕ್ಕೆ ಹೆಚ್ಚುಕಡಿಮೆ ಮಾಯ. ಕಿತ್ತಳೆ, ಹಳದಿ ಅದರ ಹಿಂದೆಯೇ ಹೋಗ್ತವೆ. 20 ಮೀಟರ್ ದಾಟಿದ ಮೇಲೆ ಕೈ ತರಚಿದ್ರೆ ಒಸರೋ ರಕ್ತ ಹಸಿರಾಗಿ ಕಾಣುತ್ತೆ. ಲೆಕ್ಕಕ್ಕೆ ಬರೋದು ಆಳ ಒಂದೇ ಅಲ್ಲ, ಬೆಳಕು ನಡೆದ ಒಟ್ಟು ದಾರಿ: ಮೇಲ್ಮೈಯಿಂದ ಹವಳಕ್ಕೆ, ಹವಳದಿಂದ ಲೆನ್ಸಿಗೆ. 8 ಮೀಟರ್ ಆಳದ ಹವಳವನ್ನ 4 ಮೀಟರ್ ದೂರ ನಿಂತು ತೆಗೆದ್ರೆ 12 ಮೀಟರ್ ನೀರಿನಲ್ಲಿ ಸೋಸಿದ ಬೆಳಕು ಸಿಗುತ್ತೆ. ಅದಕ್ಕೇ ನೀರೊಳಗೆ ಮೊದಲ ಪಾಠ: ಹತ್ತಿರ ಹೋಗು, ಹೋದ ಮೇಲೆ ಇನ್ನೂ ಹತ್ತಿರ ಹೋಗು. 1 ಮೀಟರ್ ಒಳಗೆ ಬಂದ್ರೆ ಉತ್ತಮ.

ಸುಮಾರು 15 ಮೀಟರಿನವರೆಗೆ ಕೆಂಪು ಫಿಲ್ಟರ್ ಕೆಲಸಕ್ಕೆ ಬರುತ್ತೆ. ಪ್ರತಿ 3 ಮೀಟರ್ ಏರಿಳಿದಾಗ ಬಿಳಿ ಹಲಗೆ ಹಿಡಿದು ವೈಟ್ ಬ್ಯಾಲೆನ್ಸ್, ಅಂದ್ರೆ ಕ್ಯಾಮೆರಾಗೆ ಬಿಳಿ ಯಾವುದು ಅಂತ ತೋರಿಸೋದು, ಹೊಸದಾಗಿ ಮಾಡಬೇಕು. ದೀಪ ಹಚ್ಚಿದ್ರೆ ಫಿಲ್ಟರ್ ತೆಗೀರಿ, ಇಲ್ಲಾಂದ್ರೆ ಎದುರಿಗಿರೋದೆಲ್ಲ ಕುಂಕುಮ ಎರಚಿದ ಹಾಗಾಗುತ್ತೆ.

ಈಗ ಮುಖ್ಯ ಮಾತು. ‘ಸೈಲೆಂಟ್ ವರ್ಲ್ಡ್’ ಕಾಲಕ್ಕೆ ಬಣ್ಣದ ಫಿಲ್ಮೂ ಜೋರು ದೀಪಗಳೂ ನೀರೊಳಗೆ ಒಟ್ಟಿಗೆ ಇಳಿದ್ವು. ಆ ಕೆಂಪು ಸ್ಪಂಜು, ಕಿತ್ತಳೆ ಹವಳ ಅಲ್ಲಿಯೇ ಪಕ್ಕದಲ್ಲಿ ದೀಪವಿಲ್ಲದೆ ಈಜೋ ಡೈವರಿಗೂ ಕಾಣಲ್ಲ. ಜನ ಮರುಳಾದ ಬಣ್ಣ ದೀಪ ಹೊತ್ತಿಸಿದಾಗ ಮಾತ್ರ ಇರೋ ಬಣ್ಣ. ಹಾರಾಟಕ್ಕಿಂತ ಇದು ದೊಡ್ಡದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಅಲೆಸಾಲು
ಹಾಗಾದ್ರೆ ಅದು ಸುಳ್ಳು ಬಣ್ಣ ಅಲ್ವಾ?

ಮಸೂರ
ಸುಳ್ಳಲ್ಲ. ಸ್ಪಂಜಿನಲ್ಲಿ ಆ ವರ್ಣದ್ರವ್ಯ ಇದ್ದೇ ಇದೆ. ಅಲ್ಲಿಗೆ ಕೆಂಪು ಬೆಳಕು ತಲುಪಲ್ಲ ಅಷ್ಟೇ.

ಓರಿಂಗು
ದೀಪದ ಮಾತು ಬಂದಿದ್ದರಿಂದ ಬ್ಯಾಕ್‌ಸ್ಕ್ಯಾಟರ್ ಬಗ್ಗೆಯೂ ಹೇಳಬೇಕ್ರೀ. ನೀರಿನಾಗ ತೇಲೋ ಕಣಕ್ಕ ದೀಪ ನೇರ ಬಿದ್ದರ ಚಿತ್ರದ ತುಂಬ ಹಿಮ ಸುರಿದಂಗ ಕಾಣತದ. ದೀಪಗಳನ್ನ ಉದ್ದನ ತೋಳಿನ ಮ್ಯಾಲೆ ಎರಡೂ ಕಡೆ ಅಗಲಕ್ಕ ಚಾಚಬೇಕು, ದೀಪದ ಮುಖ ಡೋಮಿಗಿಂತ (ಲೆನ್ಸಿನ ಮುಂದಿನ ಅರೆಗೋಳದ ಗಾಜು) ಸ್ವಲ್ಪ ಹಿಂದ ಇರಬೇಕು, ಒಳಗಡೆ ತಿರುಗಿಸದ ನೇರಕ್ಕ ಅಥವಾ ಚೂರು ಹೊರಕ್ಕ ತಿರುಗಿಸಬೇಕು. ಬೆಳಕಿನ ಅಂಚು ಮಾತ್ರ ಪ್ರಾಣಿಗೆ ತಾಗಲಿ. ಲೆನ್ಸಿಗೂ ಪ್ರಾಣಿಗೂ ನಡುವಿನ ನೀರು ಕತ್ತಲಾಗಿಯೇ ಉಳೀಬೇಕು.

ಹೌಸಿಂಗು ಅಂದರ ಕ್ಯಾಮೆರಾದ ಜಲನಿರೋಧಕ ಪೆಟ್ಟಿಗೆ, ಓ-ರಿಂಗು ಅಂದರ ಅದರ ಮುಚ್ಚಳದ ರಬ್ಬರ್ ಬಳೆ. ಆ ಓ-ರಿಂಗಿನ ಮ್ಯಾಲೆ ಒಂದು ಕೂದಲೆಳೆ ಇದ್ದರ ಸಾಕು, ನೀರು ಒಳಗ ಬಂತು. ಬೆರಳಿನಿಂದ ತೆಗೀಬೇಕು, ಚೂಪಾದ್ದು ಮುಟ್ಟಿಸಬಾರದು. ಗ್ರೀಸು ಮಿಂಚೋವಷ್ಟು ಮಾತ್ರ. ಬಹಳ ಮಂದಿ ಗ್ರೀಸೇ ನೀರು ತಡೀತದ ಅಂತ ಬಳೀತಾರ. ತಡಿಯೋದು ರಬ್ಬರು, ಗ್ರೀಸು ಅದು ಜಾರಿ ಸರಿಯಾಗಿ ಕೂಡಲಿ ಅಂತ. ಹೆಚ್ಚಾದರ ಮರಳನ್ನ ಹಿಡಕೊಂಡು ಕೂಡತದ. ಮುಚ್ಚಿದ ಮ್ಯಾಲೆ ಪಂಪಿನಿಂದ ಒಳಗಿನ ಗಾಳಿ ಎಳೆದು ಅರ್ಧ ಗಂಟೆ ಮಾಪಕ ನೋಡ್ರಿ. ಒತ್ತಡ ಏರಿದರ ಎಲ್ಲೋ ಸೋರಿಕೆ ಅದ, ನೀರಿಗೆ ಇಳಿಸಬ್ಯಾಡ್ರಿ.

ಮಸೂರ
ಓರಿಂಗು ಅವರೇ, ಸೋರಿಕೆ ಹೆಚ್ಚಾಗಿ ಆಗೋದು ಆಳದಲ್ಲಲ್ಲ, ಮೊದಲ ಒಂದೆರಡು ಮೀಟರಿನಲ್ಲಿ. ಆಳ ಹೋದಂತೆ ಒತ್ತಡವೇ ಮುಚ್ಚಳವನ್ನ ಬಿಗಿ ಹಿಡಿಯುತ್ತೆ. ಅದಕ್ಕೇ ಇಳಿದ ತಕ್ಷಣ ನಿಂತು ಗುಳ್ಳೆ ಬರ್ತಿದೆಯಾ ನೋಡ್ಬೇಕು.

ಓರಿಂಗು
ಖರೆ ಅದ. ಇನ್ನೊಂದು, ಸಮುದ್ರದ ನೀರು ಒಣಗೋಕ್ಕಿಂತ ಮೊದಲ ಸಿಹಿನೀರಿನಾಗ ಅರ್ಧ ಗಂಟೆ ಮುಳುಗಿಸಿ ಇಟ್ಟು ಗುಂಡಿ ಎಲ್ಲಾ ಒತ್ತಿ ಒತ್ತಿ ಬಿಡಬೇಕು. ಉಪ್ಪು ಹರಳಾದರ ಅದೇ ಓ-ರಿಂಗನ್ನ ಕೊಯ್ಯತದ.

ನಿರ್ವಾಹಕ
ಉಪಕರಣದ ನಿರ್ವಹಣೆಗೆ ಬೇರೆ ಎಳೆ ಇದೆ. ಇಲ್ಲಿ ಚಿತ್ರ ಮತ್ತು ಜನರ ಆಸಕ್ತಿಯ ಮಾತು ಮುಂದುವರಿಯಲಿ.

ಅಲೆಸಾಲು
‘ಸೈಲೆಂಟ್ ವರ್ಲ್ಡ್’ ತೋರಿಸೋದಾದ್ರೆ ದಯವಿಟ್ಟು ಪೂರ್ತಿ ಸತ್ಯ ಹೇಳಿ ತೋರಿಸಿ ಮಾರಾಯ್ರೆ. ಅದರಲ್ಲಿ ಮೀನುಗಳ ಲೆಕ್ಕ ತೆಗೀಲಿಕ್ಕೆ ಅಂತ ಹವಳದ ದಿಬ್ಬಕ್ಕೆ ಡೈನಮೈಟ್ ಇಡ್ತಾರೆ. ಹಡಗಿನ ಪ್ರೊಪೆಲ್ಲರ್ ತಾಗಿ ಸ್ಪರ್ಮ್ ತಿಮಿಂಗಿಲದ ಮರಿಯೊಂದು ಗಾಯಗೊಳ್ತದೆ, ಅದನ್ನು ಕೊಲ್ತಾರೆ. ಅದನ್ನು ತಿನ್ನಲಿಕ್ಕೆ ಬಂದ ಶಾರ್ಕುಗಳನ್ನು ಡೆಕ್ಕಿನ ಮೇಲೆ ಎಳೆದು ಕೊಡಲಿಯಿಂದ ಕಡೀತಾರೆ. ಆಮೆಯ ಬೆನ್ನ ಮೇಲೆ ಸವಾರಿ ಬೇರೆ. ಇದನ್ನು ಸಂರಕ್ಷಣೆಯ ಮೊದಲ ಚಿತ್ರ ಅಂತ ಕರೆಯೋದು ತಪ್ಪು. ನನಗೆ ಆ ಶಾರ್ಕಿನ ದೃಶ್ಯ ನೋಡ್ಲಿಕ್ಕೇ ಆಗೋದಿಲ್ಲ.

ಹಳೆರೀಲು
ದೃಶ್ಯಗಳ ವಿಷಯ ಸರಿ. ಆದರೆ ಅದೇ ಚಿತ್ರದಲ್ಲಿ ಜೋಜೋ ಅನ್ನುವ ಗ್ರೂಪರ್ ಮೀನಿದೆ. ಸೇಶೆಲ್ಸ್‌ನ ಅಸಂಪ್ಷನ್ ದ್ವೀಪದ ಬಳಿ ಚಿತ್ರೀಕರಿಸಿದ್ದು. ಡೈವರ್‌ಗಳು ಬೇರೆ ಮೀನಿಗೆ ತಿನ್ನಿಸಲು ಬಂದರೆ ಇದು ನಡುವೆ ನುಗ್ಗುತ್ತದೆ, ಕೊನೆಗೆ ಅದನ್ನು ಪಂಜರದಲ್ಲಿ ಕೂರಿಸಬೇಕಾಗುತ್ತದೆ. ಮೀನಿಗೂ ಸ್ವಭಾವ ಇದೆ, ಹಟ ಇದೆ ಅಂತ ಜನ ಕಂಡದ್ದು ಅಲ್ಲಿ. ಅದರಾಚೆ ನಾಲ್ಕೇ ವರ್ಷಕ್ಕೆ, 1960ರಲ್ಲಿ, ಮೆಡಿಟರೇನಿಯನ್ನಿನಲ್ಲಿ ವಿಕಿರಣ ತ್ಯಾಜ್ಯ ಸುರಿಯುವುದರ ವಿರುದ್ಧ ನಿಂತವರಲ್ಲಿ ಕುಸ್ತೋ ಮುಂದಿದ್ದರು. 1968ರಿಂದ 1976ರವರೆಗೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಅವರ ಸರಣಿ, 1973ರಲ್ಲಿ ಕುಸ್ತೋ ಸೊಸೈಟಿ. ಕ್ಯಾಮೆರಾದ ಹಿಂದಿದ್ದವನೂ ಬದಲಾದ ಅನ್ನುವುದು ಈ ಕಥೆಯ ಭಾಗ.

ಅಲೆಸಾಲು
ಜೋಜೋ ವಿಷಯದಲ್ಲಿ ಒಪ್ತೇನೆ. ಒಂದೇ ಪ್ರಾಣಿ, ಅದಕ್ಕೊಂದು ಹೆಸರು, ಅದರ ಜೊತೆ ಸಾಕಷ್ಟು ಹೊತ್ತು. 2020ರ ‘ಮೈ ಆಕ್ಟೋಪಸ್ ಟೀಚರ್’ ಇದೇ ದಾರಿಯಲ್ಲಿ ನಡೆದದ್ದು. ದಕ್ಷಿಣ ಆಫ್ರಿಕಾದ ಫಾಲ್ಸ್ ಬೇ, ಕೆಲ್ಪ್ ಅನ್ನುವ ಉದ್ದನೆಯ ಕಡಲಪಾಚಿಯ ಕಾಡು, ಕ್ರೇಗ್ ಫಾಸ್ಟರ್ ಸಿಲಿಂಡರೂ ಇಲ್ಲದೆ, ವೆಟ್‌ಸೂಟೂ ಇಲ್ಲದೆ ದಿನವೂ ಆ ತಣ್ಣೀರಿಗೆ ಇಳೀತಾರೆ. ಗುಳ್ಳೆಯ ಸದ್ದಿಲ್ಲ. ಒಂದು ದಿನ ಆ ಆಕ್ಟೋಪಸ್ ಒಂದು ತೋಳು ಚಾಚಿ ಅವರ ಕೈಯನ್ನು ಮುಟ್ಟಿ ನೋಡ್ತದೆ, ಸಕ್ಕರ್‌ಗಳು ಒಂದೊಂದಾಗಿ ಬೆರಳಿಗೆ ಅಂಟಿ ಬಿಡ್ತವೆ. ಗಾಳಿಗುಳ್ಳೆಯವರ ಉಪಕರಣದ ವಾದ ಇಲ್ಲಿ ನಿಲ್ಲೋದೇ ಇಲ್ಲ.

ಕಡಲೋದು
ಅದೇ ಚಿತ್ರದಿಂದ ಬ್ರಿಟನ್ನಿನಲ್ಲಿ ಆಕ್ಟೋಪಸ್ಸಿಗೆ ಕಾನೂನಿನ ರಕ್ಷಣೆ ಸಿಕ್ಕಿತಂತಲ್ಲ?

ಕಾಯ್ದೆಕಡತ
ಇಲ್ಲ. ಈ ಮಾತು ತುಂಬ ಹರಿದಾಡುತ್ತದೆ, ಆದರೆ ತಪ್ಪು. 2022ರ ಪ್ರಾಣಿ ಸಂವೇದನೆ ಕಾಯ್ದೆಗೆ ಆಕ್ಟೋಪಸ್, ಏಡಿ, ಸಿಗಡಿಗಳು ಸೇರಿದ್ದು 2021ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ತಂಡ ಕೊಟ್ಟ ವೈಜ್ಞಾನಿಕ ವರದಿಯ ಮೇಲೆ. ನೋವಿನ ಸಾಕ್ಷ್ಯವನ್ನು ಅದು ಒಂದೊಂದಾಗಿ ತೂಗಿತ್ತು. ಚಿತ್ರ ಜನರ ಮನಸ್ಸು ಹದ ಮಾಡಿರಬಹುದು. ಕಾಯ್ದೆಗೆ ಆಧಾರ ವರದಿ.

ನೀಲಿಪರದೆಯವರ ಎರಡನೆಯ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ನೇರ ಉದಾಹರಣೆ ಹವಾಯಿಯದು. ಜಾನ್-ಮಿಶೆಲ್ ಕುಸ್ತೋ, ಅಂದರೆ ಹಿರಿಯ ಕುಸ್ತೋರ ಮಗ, ವಾಯವ್ಯ ಹವಾಯಿ ದ್ವೀಪಗಳ ಮೇಲೆ ‘ವಾಯೇಜ್ ಟು ಕ್ಯೂರೆ’ ಮಾಡಿದರು. 2006ರ ಏಪ್ರಿಲಿನಲ್ಲಿ ಅದನ್ನು ಶ್ವೇತಭವನದಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್‌ಗೆ ತೋರಿಸಿದರು. ಜೂನ್ 15ಕ್ಕೆ ಘೋಷಣೆ ಹೊರಬಿತ್ತು: ಸುಮಾರು 3.6 ಲಕ್ಷ ಚದರ ಕಿಲೋಮೀಟರ್ ಸಂರಕ್ಷಿತ ಸಾಗರ. 2016ರಲ್ಲಿ ಅದು ಸುಮಾರು 15 ಲಕ್ಷಕ್ಕೆ ವಿಸ್ತರಿಸಿತು, ಈಗಿನ ಹೆಸರು ಪಾಪಹಾನೌಮೊಕುವಾಕೇಯ.

ಆದರೆ ಇದನ್ನು ‘ಚಿತ್ರ ನೋಡಿದರು, ಸಹಿ ಹಾಕಿದರು’ ಅಂತ ಹೇಳಬೇಡಿ. 2000ದಲ್ಲೇ ಕ್ಲಿಂಟನ್ ಆಡಳಿತ ಅಲ್ಲಿ ಹವಳ ಮೀಸಲು ಮಾಡಿತ್ತು. ಆರು ವರ್ಷ ಸಾರ್ವಜನಿಕ ಅಹವಾಲು, ಕರಡು, ಗಡಿ ನಕ್ಷೆ ಎಲ್ಲ ನಡೆದಿತ್ತು. ಕಡತ ಮೇಜಿನ ಮೇಲೆ ಸಿದ್ಧವಾಗಿತ್ತು. ಚಿತ್ರ ಅದನ್ನು ಅಧ್ಯಕ್ಷರ ಕೈಗೆ ತಲುಪಿಸಿತು. ಕಡತ ಇಲ್ಲದ ಕಡೆ ಎಷ್ಟು ಚೆಂದದ ಚಿತ್ರವಾದರೂ ಚಪ್ಪಾಳೆಗೆ ಮುಗಿಯುತ್ತದೆ.

ಕಡಲೋದು
ಹಾಗಾದ್ರೆ ಬಿಬಿಸಿಯ ಕಡಲಿನ ಸರಣಿ ‘ಬ್ಲೂ ಪ್ಲಾನೆಟ್ 2’ ಬಗ್ಗೆ ಏನಂತೀರಿ? ಪ್ಲಾಸ್ಟಿಕ್ ವಿರುದ್ಧ ಜನ ಎದ್ದಿದ್ದೇ ಅದನ್ನ ನೋಡಿ ಅಂತ ಎಲ್ಲರೂ ಹೇಳ್ತಾರೆ. ನಾಲ್ಕು ವರ್ಷದ ಕೆಲಸ, 39 ದೇಶ, 125 ಯಾನ, ನೀರೊಳಗೆ 6000 ಗಂಟೆ. ಪೈಲಟ್ ತಿಮಿಂಗಿಲ ತನ್ನ ಸತ್ತ ಮರಿಯನ್ನ ಬಿಡದೆ ಹೊತ್ಕೊಂಡು ಹೋಗೋ ದೃಶ್ಯ ನೋಡಿದವರು ಮರೆಯೋಕೆ ಸಾಧ್ಯವೇ ಇಲ್ಲ.

ಕಾಯ್ದೆಕಡತ
ದೃಶ್ಯದ ಬಲ ನಾನೂ ಒಪ್ಪುತ್ತೇನೆ. ತಾರೀಖು ನೋಡೋಣ. ಸರಣಿ ಶುರುವಾದದ್ದು 2017ರ ಅಕ್ಟೋಬರ್ 29. ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಶುಲ್ಕ ಬಂದದ್ದು 2015ರ ಅಕ್ಟೋಬರ್. ಪ್ಲಾಸ್ಟಿಕ್ ಸೂಕ್ಷ್ಮಮಣಿಗಳ ನಿಷೇಧ 2018ರ ಜನವರಿಯಲ್ಲಿ ಜಾರಿಯಾಯಿತು, ಆದರೆ ಸರ್ಕಾರ ಅದನ್ನು ಪ್ರಕಟಿಸಿದ್ದು 2016ರಲ್ಲೇ. ಸ್ಟ್ರಾಗಳ ಮೇಲಿನ ನಿರ್ಬಂಧ 2020ರ ಅಕ್ಟೋಬರ್. ಸರಣಿಯ ನಂತರದ್ದು ಅದು.

2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಈ ಸರಣಿಯ ಕಂತು ತೋರಿಸಿ, ಇನ್ನು ಕೆಲವರಿಗೆ ಬೇರೆ ಕಾರ್ಯಕ್ರಮ ತೋರಿಸಿ, ಆಮೇಲೆ ಅವರು ಪ್ಲಾಸ್ಟಿಕ್ಕಿನ ವಸ್ತು ಆರಿಸಿಕೊಳ್ಳುತ್ತಾರೋ ಇಲ್ಲವೋ ನೋಡಿದರು. ಸರಣಿ ನೋಡಿದವರ ತಿಳಿವಳಿಕೆ ಹೆಚ್ಚಿತ್ತು. ಆಯ್ಕೆ ಬದಲಾಗಿರಲಿಲ್ಲ.

ಪೈಲಟ್ ತಿಮಿಂಗಿಲದ ವಿಷಯದಲ್ಲೂ ಎಚ್ಚರ ಬೇಕು. ತಾಯಿಯ ಹಾಲು ಕಲುಷಿತವಾಗಿ ಮರಿ ಸತ್ತಿರಬಹುದು ಅಂತ ನಿರೂಪಣೆ ಸಾಧ್ಯತೆಯಾಗಿ ಹೇಳಿದ್ದು. ಜನರ ಬಾಯಲ್ಲಿ ಅದು ‘ಪ್ಲಾಸ್ಟಿಕ್ ತಿಂದು ಸತ್ತಿತು’ ಅಂತಾಯಿತು.

ಹವಳದಿಬ್ಬ
ಒಂದು ಕಂತು ನೋಡಿ ಅರ್ಧ ಗಂಟೆಯಲ್ಲಿ ಅಭ್ಯಾಸ ಬದಲಾಗಬೇಕು ಅಂತ ಅಳೆಯೋದು ಅನ್ಯಾಯ. ಆಸಕ್ತಿ ಅನ್ನೋದು ನಿಧಾನಕ್ಕೆ ಹುದುಗೋ ವಸ್ತು.

ಚಿತ್ರ ಇಲ್ಲದಿದ್ರೆ ಜನರಿಗೆ ಗೊತ್ತೇ ಆಗ್ತಿರಲಿಲ್ಲ ಅನ್ನೋದಕ್ಕೆ ಹವಳದ ಬಿಳಿಚುವಿಕೆ ನೋಡಿ. ನೀರಿನ ಬಿಸಿ ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ 1 ಡಿಗ್ರಿ ಏರಿ ಕೆಲವು ವಾರ ನಿಂತ್ರೆ ಹವಳ ತನ್ನೊಳಗಿನ ಪಾಚಿಯನ್ನ ಹೊರದಬ್ಬುತ್ತೆ, ಬಿಳೀ ಎಲುಬು ಕಾಣುತ್ತೆ. ಆಮೇಲೆ ಅದರ ಮೇಲೆ ಕಂದು ಪಾಚಿ ಬೆಳೆದು ಎಲ್ಲ ಮಾಮೂಲಿ ಕಲ್ಲಿನ ಹಾಗೆ ಕಾಣಿಸುತ್ತೆ. ವರ್ಷಕ್ಕೊಂದು ಸಲ ಹೋಗೋ ಡೈವರಿಗೆ ಏನೂ ಆಗಿಲ್ಲ ಅನ್ನಿಸಬಹುದು. ‘ಚೇಸಿಂಗ್ ಕೋರಲ್’ ಸಾಕ್ಷ್ಯಚಿತ್ರದ ತಂಡದವರು ಅದಕ್ಕೇ ಟೈಮ್‌ಲ್ಯಾಪ್ಸ್, ಅಂದ್ರೆ ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನ ಸಾಲಾಗಿ ಓಡಿಸೋ ದೃಶ್ಯ, ಹಿಡಿಯೋಕೆ ಹೊರಟ್ರು. ಗೋಳಾಕಾರದ ಹೌಸಿಂಗ್, ಗಾಜಿನ ಮೇಲೆ ಪಾಚಿ ಕೂರದ ಹಾಗೆ ತಾನಾಗೇ ಒರೆಸೋ ವೈಪರ್. ತಿಂಗಳುಗಟ್ಟಲೆ ನೀರಲ್ಲಿ ಬಿಟ್ಟು ತೆಗೆದು ನೋಡಿದ್ರೆ ಚಿತ್ರಗಳು ಮಂಜು ಮಂಜು, ಫೋಕಸ್ಸೇ ಇಲ್ಲ.

ಕೊನೆಗೆ 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವಾರಗಟ್ಟಲೆ ದಿನವೂ ಮುಳುಗಿ, ಒಂದೊಂದು ಗುರುತಿನ ಜಾಗಕ್ಕೂ ಹೋಗಿ, ಕ್ಯಾಮೆರಾವನ್ನ ನಿನ್ನೆಯ ಜಾಗದಲ್ಲೇ ಕೂರಿಸಿ ಕೈಯಾರೆ ತೆಗೆದ್ರು. ಆ ಚಿತ್ರಗಳನ್ನ ಸಾಲಾಗಿ ಓಡಿಸಿದಾಗ ಬಣ್ಣದ ಹವಳ ಬಿಳಿಯಾಗಿ, ಕಂದಾಗಿ ಕುಸಿಯೋದು ಕೆಲವೇ ಸೆಕೆಂಡಿನಲ್ಲಿ ಕಾಣುತ್ತೆ. ಅದನ್ನ ನಿಮ್ಮ ಕಾರ್ಯಕ್ರಮದಲ್ಲಿ ಬಿಡಲೇಬೇಡಿ.

ನೀಲಿಪರದೆ
ಆ ಫೋಕಸ್ ಯಾಕೆ ತಪ್ಪುತ್ತೆ? ನೆಲದ ಮೇಲೆ ಸರಿ ಇದ್ದದ್ದು ನೀರೊಳಗೆ ಹೇಗೆ ಕೆಡುತ್ತೆ?

ಮಸೂರ
ಆ ತಂಡದ ಕ್ಯಾಮೆರಾಗಳಲ್ಲಿ ಏನಾಯ್ತು ಅನ್ನೋದು ಬೇರೆ ಮಾತು, ಆದ್ರೆ ನೀರೊಳಗೆ ಫೋಕಸ್ ಯಾಕೆ ಕಷ್ಟ ಅಂತ ಹೇಳ್ತೀನಿ. ಚಪ್ಪಟೆ ಗಾಜಿನ ಮೂಲಕ ನೋಡಿದ್ರೆ ವಕ್ರೀಭವನದಿಂದ ವಸ್ತು ಕಾಲುಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ. 4 ಮೀಟರ್ ದೂರದ ಮೀನು 3 ಮೀಟರಿನಲ್ಲಿ ಇದ್ದ ಹಾಗೆ. ವೈಡ್ ಲೆನ್ಸ್ ಹಾಕಿದ್ರೂ ನೋಟ ಕಿರಿದಾಗುತ್ತೆ, ಅಂಚಿನಲ್ಲಿ ಬಣ್ಣ ಒಡೆಯುತ್ತೆ. ಅದಕ್ಕೇ ಅರೆಗೋಳದ ಡೋಮ್. ಡೋಮ್ ನೋಟವನ್ನ ವಾಪಸ್ ಕೊಡುತ್ತೆ, ಆದ್ರೆ ಅದೇ ಒಂದು ಲೆನ್ಸಿನ ಹಾಗೆ ವರ್ತಿಸಿ ದೂರದ ಬೆಟ್ಟವನ್ನೂ ತನ್ನ ಮುಂದೆ, ತನ್ನ ತ್ರಿಜ್ಯದ ಸುಮಾರು ಮೂರರಷ್ಟು ದೂರದಲ್ಲಿ, ಮಿಥ್ಯಾಬಿಂಬ ಮಾಡಿ ಕೂರಿಸುತ್ತೆ. 10 ಸೆಂಟಿಮೀಟರ್ ತ್ರಿಜ್ಯದ ಡೋಮಾದ್ರೆ ಇಡೀ ಸಮುದ್ರ 30 ಸೆಂಟಿಮೀಟರ್ ಒಳಗೆ! ನೆಲದ ಮೇಲೆ ಅನಂತಕ್ಕೆ ಫೋಕಸ್ ಮಾಡಿ ಇಳಿಸಿದ್ರೆ ಎಲ್ಲ ಮಸುಕು. ಲೆನ್ಸಿಗೆ ಅಷ್ಟು ಹತ್ತಿರ ಫೋಕಸ್ ಆಗೋ ಶಕ್ತಿ ಬೇಕು, ಬೆಳಕು ಬಿಡೋ ಕಿಂಡಿಯನ್ನ ಎಫ್8ರಿಂದ ಎಫ್11ಕ್ಕೆ ಕಿರಿದು ಮಾಡಬೇಕು, ಇಲ್ಲದಿದ್ರೆ ಮೂಲೆಗಳು ಕರಗ್ತವೆ.

ಕಿವಿಗೊಟ್ಟವ
ಎಲ್ಲರೂ ಕಣ್ಣಿನ ಬಗ್ಗೆಯೇ ಬರೀತಿದ್ದೀರಿ. ತಿಮಿಂಗಿಲಗಳನ್ನು ಉಳಿಸುವ ಚಳವಳಿಗೆ ದೊಡ್ಡ ಬಲ ಕೊಟ್ಟದ್ದು ಒಂದು ಧ್ವನಿಮುದ್ರಿಕೆ. 1970ರಲ್ಲಿ ಜೀವವಿಜ್ಞಾನಿ ರೋಜರ್ ಪೇನ್ ಹೊರತಂದ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡು. 1979ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅದರ ತೆಳು ರೆಕಾರ್ಡನ್ನು ಸಂಚಿಕೆಯ ಜೊತೆಗೇ ಹಂಚಿತು, 1 ಕೋಟಿಗೂ ಹೆಚ್ಚು ಪ್ರತಿ. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸಲು ಮತ ಹಾಕಿತು.

‘ಮೌನ ಲೋಕ’ ಅನ್ನುವ ಹೆಸರೇ ಜನರ ತಲೆಯಲ್ಲಿ ತಪ್ಪು ಬಿತ್ತಿತು. ಆರೋಗ್ಯವಂತ ಹವಳದ ದಿಬ್ಬದ ಬಳಿ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಇಳಿಸಿದರೆ ಒಣಕಡ್ಡಿಗಳನ್ನು ಒಂದೇ ಸಮ ಮುರಿದಂತೆ ಚಟಪಟ ಕೇಳುತ್ತದೆ. ಅದು ಸ್ನ್ಯಾಪಿಂಗ್ ಶ್ರಿಂಪ್ ಅನ್ನುವ ಬೆರಳುದ್ದದ ಸಿಗಡಿ. ಕೊಂಡಿಯನ್ನು ಎಷ್ಟು ವೇಗವಾಗಿ ಮುಚ್ಚುತ್ತದೆ ಅಂದರೆ ನೀರಲ್ಲಿ ಗುಳ್ಳೆಯೊಂದು ಹುಟ್ಟಿ ಕುಸಿಯುತ್ತದೆ. ಸದ್ದು ಆ ಕುಸಿತದ್ದು. ಸತ್ತ ದಿಬ್ಬದಲ್ಲಿ ಈ ಸದ್ದು ತೀರ ತೆಳ್ಳಗಾಗುತ್ತದೆ.

ಚಿತ್ರದಲ್ಲಿ ಅದು ಯಾಕೆ ಇಲ್ಲ? ಡೈವರ್ ಬಿಡುವ ಗುಳ್ಳೆಯ ಗದ್ದಲ ಎಲ್ಲವನ್ನೂ ಮುಚ್ಚುತ್ತದೆ. ಹಾಗಾಗಿ ಶಬ್ದವನ್ನು ಬೇರೆಯೇ ಹಿಡಿಯಬೇಕು: ದೋಣಿಯ ಎಂಜಿನ್ ಬಂದ್ ಮಾಡಿ, ಹೈಡ್ರೋಫೋನನ್ನು 5ರಿಂದ 10 ಮೀಟರ್ ಇಳಿಸಿ, ದೋಣಿಯ ಕುಲುಕಾಟ ತಂತಿಗೆ ಹತ್ತದಂತೆ ನಡುವೆ ರಬ್ಬರ್ ಹಗ್ಗ ಕಟ್ಟಿ. ಪರದೆಯ ಮೇಲೆ ಮೀನು ತಿರುಗಿದಾಗ ಕೇಳುವ ‘ಸುಂಯ್’ ಹೆಚ್ಚಿನಂಶ ಸ್ಟುಡಿಯೋದ ನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಮಾಡಿದ್ದು. ಇದನ್ನು ಪ್ರೇಕ್ಷಕರಿಗೆ ಹೇಳಬೇಕು.

ಗಾಳಿಗುಳ್ಳೆ
ಗುಳ್ಳೆಯ ಮಾತು ನೂರಕ್ಕೆ ನೂರು ನಿಜ, ಅದು ಮೀನನ್ನೂ ಓಡಿಸುತ್ತೆ. ಸಮಯದ ಲೆಕ್ಕವೂ ನೋಡಿ. 12 ಲೀಟರ್ ಸಿಲಿಂಡರ್, 200 ಬಾರ್. 50 ಬಾರ್ ಮೀಸಲು ಬಿಟ್ರೆ ಕೈಗೆ ಸಿಗೋದು 1800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯೋನು 30 ಮೀಟರಿನಲ್ಲಿ ನಾಲ್ಕು ಪಟ್ಟು ಒತ್ತಡಕ್ಕೆ 80 ಎಳೀತಾನೆ. 22 ನಿಮಿಷಕ್ಕೆ ಮುಗೀತು. ಡಿಕಂಪ್ರೆಷನ್, ಅಂದ್ರೆ ಮೇಲೆ ಬರುವಾಗ ನಡುನಡುವೆ ನಿಲ್ಲೋದು, ಇಲ್ಲದೆ ಅಲ್ಲಿ ಇರಬಹುದಾದದ್ದೂ ಸುಮಾರು 20 ನಿಮಿಷವೇ. ಈ 20 ನಿಮಿಷದಲ್ಲಿ ಪ್ರಾಣಿ ನಿಮ್ಮನ್ನ ಒಪ್ಪಿಕೊಳ್ಳೋದು ಯಾವಾಗ?

ಈಗಿನವರು ಮುಚ್ಚಿದ ಚಕ್ರದ ರಿಬ್ರೀದರ್ ಬಳಸೋದು ಅದಕ್ಕೇ. ಬಿಟ್ಟ ಉಸಿರಿನ ಇಂಗಾಲಾಮ್ಲವನ್ನ ಸೋಡಾಲೈಮ್ ಅನ್ನೋ ಸುಣ್ಣದಂಥ ರಾಸಾಯನಿಕ ಹೀರುತ್ತೆ, ಖರ್ಚಾದ ಆಮ್ಲಜನಕವನ್ನಷ್ಟೇ ಯಂತ್ರ ತುಂಬುತ್ತೆ. ಗುಳ್ಳೆ ಇಲ್ಲ, ಎರಡು ಮೂರು ಗಂಟೆ ಗಾಳಿ. ಪಕ್ಕದಲ್ಲೇ ಮೀನು ಮೊಟ್ಟೆ ಕಾಯ್ತಾ ಕೂತಿರುತ್ತೆ. ಅಪಾಯ ಏನಂದ್ರೆ ಆಮ್ಲಜನಕ ಕಡಿಮೆಯಾದ್ರೆ ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತೆ, ಸೋಡಾಲೈಮಿಗೆ ನೀರು ಸೇರಿದ್ರೆ ಸುಡೋ ಕ್ಷಾರ ಬಾಯಿಗೆ ಬರುತ್ತೆ.

ಅಲೆಸಾಲು ಅವರೇ, ಒಂದೇ ಪ್ರಾಣಿಯ ಜೊತೆ ಬಹಳ ಹೊತ್ತು ಅಂದ್ರಲ್ಲ, ಆ ಹೊತ್ತನ್ನ ಕೊಡೋದು ಉಪಕರಣ. ಇಲ್ಲವೇ ಫಾಸ್ಟರ್ ಥರ ದಿನವೂ ಹೋಗಬೇಕು. ಇಷ್ಟು ಮಟ್ಟಿಗೆ ನಾನು ಹಿಂದೆ ಸರೀತೀನಿ.

ಹಳೆರೀಲು
ಶಾರ್ಕಿನ ವಿಷಯ ಯಾರೂ ಎತ್ತಲಿಲ್ಲ. ಚಿತ್ರ ಕೆಡಿಸಿದ್ದೂ ಇದೆ. 1975ರ ‘ಜಾಸ್’ ಕಥಾಚಿತ್ರಕ್ಕೆ ಜೀವಂತ ಬಿಳಿ ಶಾರ್ಕಿನ ದೃಶ್ಯಗಳನ್ನು ದಕ್ಷಿಣ ಆಸ್ಟ್ರೇಲಿಯಾದಲ್ಲಿ ತೆಗೆದವರು ರಾನ್ ಮತ್ತು ವ್ಯಾಲರಿ ಟೇಲರ್. ಶಾರ್ಕ್ ದೈತ್ಯನಂತೆ ಕಾಣಲೆಂದು ಸಣ್ಣ ಪಂಜರ ಮಾಡಿಸಿ ಕುಳ್ಳ ಮನುಷ್ಯನನ್ನು ಇಳಿಸುವ ಯೋಜನೆ. ನಿಜವಾದ ಶಾರ್ಕು ಪಂಜರದ ಹಗ್ಗಗಳಲ್ಲಿ ಸಿಕ್ಕಿ ಒದ್ದಾಡಿ ಪಂಜರವನ್ನೇ ಹಾಳುಗೆಡವಿತು. ಒಳಗೆ ಯಾರೂ ಇರಲಿಲ್ಲ. ಚಿತ್ರದ ನಂತರ ಜನ ಶಾರ್ಕು ಕೊಲ್ಲಲು ಹೊರಟಾಗ ಇದೇ ದಂಪತಿ ಅವುಗಳ ಪರವಾಗಿ ಮಾತಾಡುತ್ತ ಊರೂರು ತಿರುಗಿದರು. 1984ರಲ್ಲಿ ನ್ಯೂ ಸೌತ್ ವೇಲ್ಸ್ ಗ್ರೇ ನರ್ಸ್ ಶಾರ್ಕಿಗೆ ರಕ್ಷಣೆ ಕೊಟ್ಟಿತು. ಕಾಯ್ದೆಯ ರಕ್ಷಣೆ ಪಡೆದ ಜಗತ್ತಿನ ಮೊದಲ ಶಾರ್ಕ್ ಅದು.

ಹವಳದಿಬ್ಬ
ಆಳಗಡಲನ್ನ ಮರೀಬೇಡಿ. 2012ರಲ್ಲಿ ಜಪಾನಿನ ಒಗಸಾವರ ದ್ವೀಪಗಳ ಬಳಿ ದೈತ್ಯ ಸ್ಕ್ವಿಡ್ ಮೊದಲ ಸಲ ತನ್ನ ಜಾಗದಲ್ಲೇ ವಿಡಿಯೋದಲ್ಲಿ ಸಿಕ್ಕಿತು. ಅದಕ್ಕೆ ಕಾರಣ ಬೆಳಕನ್ನ ಕಮ್ಮಿ ಮಾಡಿದ್ದು! ಸಾಗರವಿಜ್ಞಾನಿ ಈಡಿತ್ ವಿಡ್ಡರ್ ಬಿಳಿ ದೀಪ ಬಿಟ್ಟು, ಆಳದ ಹೆಚ್ಚಿನ ಪ್ರಾಣಿಗಳಿಗೆ ಕಾಣದ ಕೆಂಪು ಬೆಳಕು ಹಾಕಿದ್ರು. ಎಂಜಿನ್ ಸದ್ದಿಲ್ಲದ ತೇಲು ಕ್ಯಾಮೆರಾ, ಮುಂದೆ ಜೆಲ್ಲಿಮೀನಿನ ಹಾಗೆ ಮಿನುಗೋ ನೀಲಿ ದೀಪಗಳ ಒಂದು ಎರೆ.

2025ರಲ್ಲಿ ಅರ್ಜೆಂಟೀನಾದ ವಿಜ್ಞಾನಿಗಳು ಮಾರ್ ದೆಲ್ ಪ್ಲಾತಾ ಕಂದರದಲ್ಲಿ, ಸುಮಾರು 3900 ಮೀಟರ್ ಆಳದವರೆಗೆ, ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟಿನ ರೋಬೋಟ್ ಇಳಿಸಿ ನೇರಪ್ರಸಾರ ಮಾಡಿದ್ರು. ಸಂಗೀತ ಇಲ್ಲ, ಸಂಕಲನ ಇಲ್ಲ. ಗಂಟೆಗಟ್ಟಲೆ ಕೆಸರು, ಆಮೇಲೆ ಒಂದು ನಕ್ಷತ್ರಮೀನು. ಸಾವಿರಾರು ಜನ ಏಕಕಾಲಕ್ಕೆ ಕೂತು ನೋಡಿದ್ರು. ವಿಜ್ಞಾನಿಗಳು ಕಂಡ ಕ್ಷಣದಲ್ಲೇ ಕಾಣೋದು, ಅವರ ‘ಅಯ್ಯೋ ಇದೇನಿದು’ ಉದ್ಗಾರ ಕೇಳೋದು ಜನರನ್ನ ಹಿಡಿದಿಟ್ಟಿತು.

ನೀಲಿಪರದೆ
ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞ. ಸದ್ಯದ ಪಟ್ಟಿ: ಹಾಸ್ ಅವರ ಕೆಂಪು ಸಮುದ್ರ, ‘ಸೈಲೆಂಟ್ ವರ್ಲ್ಡ್’ನ ಜೋಜೋ ಮತ್ತು ಡೈನಮೈಟ್ ಎರಡೂ, ಆಕ್ಟೋಪಸ್ ಕೈ ಮುಟ್ಟೋ ದೃಶ್ಯ, ಹವಳದ ಟೈಮ್‌ಲ್ಯಾಪ್ಸ್, ಕೊನೆಗೆ ನೇರಪ್ರಸಾರದ ಐದು ನಿಮಿಷ. ಕ್ಯೂರೆಯ ಕಥೆ ಬಾಯಲ್ಲಿ ಹೇಳ್ತೀನಿ, ಕಡತದ ಸಮೇತ.

ಅಲೆಸಾಲು
ಡೈನಮೈಟ್ ಮೊದಲು, ಜೋಜೋ ಆಮೇಲೆ ಇಡಿ. ತಿರುಗಾಮುರುಗಾ ಮಾಡಿದ್ರೆ ಜೋಜೋವನ್ನು ಯಾರೂ ನೋಡೋದಿಲ್ಲ, ಸಿಟ್ಟಿನಲ್ಲೇ ಕೂತಿರ್ತಾರೆ.

ಕಿವಿಗೊಟ್ಟವ
ಟೈಮ್‌ಲ್ಯಾಪ್ಸ್‌ನ ಮೂಲ ಸಂಗೀತ ತೆಗೆದುಬಿಡಿ. ಜೀವಂತ ದಿಬ್ಬದ ಹೈಡ್ರೋಫೋನ್ ಶಬ್ದ ಒಂದು ನಿಮಿಷ ಕತ್ತಲಲ್ಲಿ ಕೇಳಿಸಿ, ಆಮೇಲೆ ಚಿತ್ರ ಶುರು ಮಾಡಿ. ಬಿಳಿಚುತ್ತ ಬಂದ ಹಾಗೆ ಧ್ವನಿಯನ್ನು ಕೈಯಾರೆ ಇಳಿಸುತ್ತ ಹೋಗಿ. ಹೀಗೆ ಮಾಡಿದ್ದು ನೀವೇ ಅಂತ ಮೊದಲೇ ಹೇಳಿಬಿಡಿ. ಸ್ಪೀಕರ್ ಸಣ್ಣದಾದರೆ ಚಟಪಟ ಕರ್ಕಶವಾಗಿ ಬರುತ್ತದೆ, 10 ಕಿಲೋಹರ್ಟ್ಸ್ ಮೇಲಿನದನ್ನು ಸ್ವಲ್ಪ ತಗ್ಗಿಸಿ.